ಅಪ್ಪನ ಲಾಂಚು

ಗುರುವಾರ, ಮಧ್ಯಾಹ್ನ
ಆಸ್ಪತ್ರೆಯಿಂದ

ಪ್ರೀತಿಯ ಅಪ್ಪನಿಗೆ,

ನಮಸ್ಕಾರ. ‘ನೀವಿಬ್ಬರೂ ಕ್ಷೇಮವೆಂದು ನಂಬಿದ್ದೇನೆ’ ಅಂತ ಬರೆಯಲು ಹೊರಟೆ, ಕೈ ಬರಲಿಲ್ಲ. ನೀನು ಕ್ಷೇಮವಾಗಿಲ್ಲ ಅಂತ ಅಮ್ಮ ನಿನ್ನೆ ಫೋನಿನಲ್ಲಿ ಹೇಳಿದಳು. ಭಾನುವಾರದಿಂದ ನೀನು ದೋಣಿಯ ಹತ್ತಿರ ಹೋಗಿಲ್ಲವಂತೆ. ಕಿಟಕಿಯ ಪಕ್ಕ ಪೇಪರ್ ಹಿಡಿದು ಕೂತಿರುತ್ತೀಯಂತೆ. “ಮೊನ್ನೆ ತಲೆಕೆಳಗಾಗಿ ಹಿಡ್ಕೊಂಡಿದ್ರು ಕಣೆ, ನಾನು ಹೇಳೋ ತನಕ ಅವರಿಗೆ ಗೊತ್ತೇ ಇಲ್ಲ” ಅಂದಳು. ನಗುತ್ತಲೇ ಹೇಳಿದಳು, ಆದರೆ ನಗು ಅರ್ಧಕ್ಕೇ ನಿಂತಿತು.

ಫೋನಿನಲ್ಲಿ ಮಾತಾಡುವುದು ನಿನಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ. ‘ಊಟ ಆಯ್ತಾ’, ‘ಕೆಮ್ಮು ಹೇಗಿದೆ’, ‘ತಾಳು, ಅಮ್ಮನಿಗೆ ಕೊಡ್ತೀನಿ’. ನಮ್ಮಿಬ್ಬರ ಮಾತು ಇಷ್ಟರಲ್ಲೇ ಮುಗಿಯುತ್ತದೆ. ಅದಕ್ಕೇ ಈ ಪತ್ರ. ಎರಡು ಗಂಟೆಗೆ ಬರಬೇಕಿದ್ದ ರೋಗಿ ಬರುವುದಿಲ್ಲವೆಂದು ಹೇಳಿ ಕಳಿಸಿದ್ದಾರೆ. ಫಿಸಿಯೋಥೆರಪಿ ಕೋಣೆಯಲ್ಲಿ ನಾನೊಬ್ಬಳೇ ಇದ್ದೇನೆ. ಮೇಜಿನ ಮೇಲೆ ರಬ್ಬರ್ ಚೆಂಡುಗಳು, ಮೂಲೆಯಲ್ಲಿ ನೋವಿರುವ ಕೈ ಅದ್ದುವ ಬಿಸಿ ಮೇಣದ ಪಾತ್ರೆ. ಈ ಹೊತ್ತು ಬಿಟ್ಟರೆ ಮತ್ತೆ ಧೈರ್ಯ ಬರುವುದಿಲ್ಲ.

ಭಾನುವಾರ ನಾನು ಆಡಿದ ಮಾತು ನಿನ್ನ ಮನಸ್ಸಿನಲ್ಲಿ ಕೂತಿದೆ. ನನ್ನ ಮನಸ್ಸಿನಲ್ಲೂ ಕೂತಿದೆ. ನೀನು ಎರಡು ವರ್ಷ ಒಬ್ಬನೇ ಕೂತು, ಹಲಗೆ ಹಲಗೆ ಬದಲಾಯಿಸಿ ಆ ಹುಟ್ಟುದೋಣಿಯನ್ನು ಸರಿಮಾಡಿದೆ. ನೀಲಿ ಬಣ್ಣ ಹಚ್ಚಿದೆ. ಮಗುವಿನ ಅಳತೆಯ ಲೈಫ್ ಜಾಕೆಟ್ ತಂದಿಟ್ಟೆ. ಊಟದ ಮೇಜಿನ ಮೇಲೆ ಅದನ್ನು ಹರಡಿ, “ಬಟಾಣಿ, ಬರೋ ಭಾನುವಾರ ನದಿಗೆ ಹೋಗೋಣ್ವಾ?” ಅಂದೆ. ಅವಳು ಕುರ್ಚಿಯ ಮೇಲೆ ಹತ್ತಿ ಕುಣಿದಳು. ಆಗ ನಾನು, “ನಿನ್ನ ಕೈಗೆ ನನ್ನ ಮಗೂನ ಕೊಡಲ್ಲ ಅಪ್ಪ” ಅಂದುಬಿಟ್ಟೆ. ಅಮ್ಮ ನೀರಿನ ಲೋಟ ಹಿಡಿದುಕೊಂಡೇ ನಿಂತಳು. ನೀನು ಜಾಕೆಟ್ಟನ್ನು ಇಸ್ತ್ರಿ ಬಟ್ಟೆಯ ಹಾಗೆ ಮಡಿಸಿ, ಪಟ್ಟಿಗಳನ್ನು ಒಳಗೆ ಸೇರಿಸಿ, “ಸರಿಯಮ್ಮ” ಅಂದು ಮೆಟ್ಟಿಲಿಳಿದು ಹೋದೆ. ಕೋಪ ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು.

ನೀನು ಕುಡಿಯುವುದು ಬಿಟ್ಟು ಹತ್ತು ವರ್ಷವಾಯಿತು. ಅದು ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಆದರೂ ಪ್ರತಿ ಭಾನುವಾರ ಕಾಫಿ ಲೋಟ ಎತ್ತಿಡುವ ನೆಪದಲ್ಲಿ ನಿನ್ನ ಲೋಟ ಮೂಸಿ ನೋಡುತ್ತೇನೆ. ನನ್ನ ಕಳ್ಳತನ ನಿನಗೂ ಗೊತ್ತು. ಈಚೀಚೆಗೆ ನೀನೇ ಲೋಟವನ್ನು ನನ್ನ ಕಡೆ ಸರಿಸಿ, ಮುಖ ಆಚೆ ತಿರುಗಿಸಿ ಕೂರುತ್ತೀಯ.

ಚಿಕ್ಕವಳಿದ್ದಾಗ ನಿನ್ನನ್ನು ಕಂಡರೆ ನನಗೆ ಎಷ್ಟು ಹೆಮ್ಮೆಯಿತ್ತು ಅನ್ನುವುದನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಬರೀ ದೂರು ಹೇಳಿದ ಹಾಗಾಗುತ್ತದೆ. ನದಿ ದಾಟುವವರಿಗೆಲ್ಲ ನೀನು ಸಿಳ್ಳೆಯಣ್ಣ. ನೀನು ನಡೆಸುತ್ತಿದ್ದ ಲಾಂಚ್ ಜೆಟ್ಟಿಗೆ ತಾಗುವಾಗ ಹಾಕುತ್ತಿದ್ದ ಸಿಳ್ಳೆ ಕೇಳಿ ಅಂಗಡಿಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಶಾಲೆ ಆಚೆ ದಡದಲ್ಲಿತ್ತು. ಬೆಳಗ್ಗೆ ಎಂಟರ ಲಾಂಚಿನಲ್ಲಿ ಬೇರೆ ಮಕ್ಕಳೆಲ್ಲ ಹಿಂದಿನ ಬೆಂಚಿನಲ್ಲಿ ಕೂತರೆ ನಾನು ಮಾತ್ರ ನಿನ್ನ ಚುಕ್ಕಾಣಿ ಕೋಣೆಯಲ್ಲಿ, ಉಪಕರಣಗಳ ಪೆಟ್ಟಿಗೆಯ ಮೇಲೆ, ರಾಣಿಯ ಹಾಗೆ. ಕೆಳಗಿನಿಂದ ಎಂಜಿನ್ ಮಾವ ಕೂಗುತ್ತಿದ್ದ: “ಏನಮ್ಮಾ ಕ್ಯಾಪ್ಟನ್, ಹೊರಡೋಣ್ವಾ?” ನಾನು ಗಂಟೆ ಬಾರಿಸಿದರೆ ಎಂಜಿನ್ ಶುರು.

ಆ ಪೆಟ್ಟಿಗೆಯೊಳಗೆ ಸ್ಪ್ಯಾನರುಗಳ ಕೆಳಗೆ ಎಣ್ಣೆಬಟ್ಟೆಯಲ್ಲಿ ಸುತ್ತಿದ ಬಾಟ್ಲಿ ಇರುತ್ತಿತ್ತು. ಅದರ ಮೇಲೇ ನಾನು ಕೂತಿರುತ್ತಿದ್ದೆ.

ಮೊದಮೊದಲು ನೀನು ಸಂಜೆ ಮಾತ್ರ ಕುಡಿಯುತ್ತಿದ್ದೆ. ಮೆಟ್ಟಿಲು ಹತ್ತುವ ಸದ್ದಿನಲ್ಲೇ ಅಮ್ಮನಿಗೂ ನನಗೂ ತಿಳಿಯುತ್ತಿತ್ತು. ಎರಡೆರಡು ಮೆಟ್ಟಿಲು ಹಾರಿ ಬಂದರೆ ಕುಡಿದಿಲ್ಲ. ಒಂದೊಂದೇ ಮೆಟ್ಟಿಲು, ಬಹಳ ಹುಷಾರಾಗಿ, ಗಾಜಿನ ಮೇಲೆ ನಡೆಯುವವನ ಹಾಗೆ ಬಂದರೆ, ನಾನು ಪುಸ್ತಕ ಎತ್ತಿಕೊಂಡು ಒಳಕೋಣೆಗೆ. ನೀನು ಹೊಡೆದವನಲ್ಲ, ಬೈದವನಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು ಒಂದೇ ಕಥೆಯನ್ನು ಮೂರು ಸಲ ಹೇಳುತ್ತಿದ್ದೆ. ಮೂರನೆಯ ಸಲವೂ ನಾನು ನಗಬೇಕಿತ್ತು. ನಗದಿದ್ದರೆ ನೀನು ಅಳುತ್ತಿದ್ದೆ. ದೊಡ್ಡ ಗಂಡಸು ಮಗಳ ಮುಂದೆ ಅಳುವುದನ್ನು ನೋಡಲಾಗದೆ ನಾನು ನಗುವುದನ್ನು ಚೆನ್ನಾಗಿ ಕಲಿತೆ. ಆಮೇಲೆ ಬೆಳಗ್ಗೆಯೂ ಬೇಕಾಯಿತು. ಕೈನಡುಕ ನಿಲ್ಲಲಿ ಅಂತ ಸ್ವಲ್ಪ, ಅಷ್ಟೇ ಅಂತ ನೀನೇ ನನಗೆ ಹೇಳಿದ್ದೆ. “ಅಮ್ಮಂಗೆ ಹೇಳ್ಬೇಡ, ಸುಮ್ನೆ ಹೆದರ್ಕೋತಾಳೆ.” ನಾನು ಹೇಳಲಿಲ್ಲ.

ಈಗ ಆ ಬೆಳಗಿನ ಮಾತು.

ಆಗ ನನಗೆ ಹನ್ನೆರಡು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಲಾಂಚಿನ ಮೂತಿಯೇ ಕಾಣುತ್ತಿರಲಿಲ್ಲ. ನಡುನದಿಗೆ ಬರುವ ಹೊತ್ತಿಗೆ ನಿನ್ನ ಮುಖ ಬೂದಿಯಾಗಿತ್ತು. ಬೆವರು ಇಳಿಯುತ್ತಿತ್ತು. “ಹಿಡ್ಕೋ ಚಿನ್ನ, ಎರಡೇ ನಿಮಿಷ. ನೇರಕ್ಕೆ ಹಿಡಿ, ಸಾಕು” ಅಂದು ನನ್ನನ್ನು ಪೆಟ್ಟಿಗೆಯ ಮೇಲೆ ನಿಲ್ಲಿಸಿ, ನೆಲದ ಮೇಲೆ ಕೂತು ಬಕೆಟ್ಟಿಗೆ ತಲೆ ಹಾಕಿದೆ. ಚುಕ್ಕಾಣಿ ನಾನೆಣಿಸಿದ್ದಕ್ಕಿಂತ ಭಾರವಾಗಿತ್ತು. ಬಿಟ್ಟರೆ ತಾನೇ ತಿರುಗುತ್ತಿತ್ತು. ಎದೆಗೊತ್ತಿ ಹಿಡಿದೆ. ಮಂಜಿನೊಳಗಿಂದ ಕಪ್ಪಗೆ ಏನೋ ಎದ್ದು ಬಂತು. “ಅಪ್ಪಾ” ಅಂದೆ. ನೀನು ತಲೆಯೆತ್ತಲಿಲ್ಲ. ಇನ್ನೊಂದು ಸಲ ಕೂಗಿದೆ. ಆಮೇಲೆ ಚಕ್ರವನ್ನು ಬಲಕ್ಕೆ ತಿರುಗಿಸಿದೆ. ಎಡಕ್ಕೆ ತಿರುಗಿಸಬೇಕಿತ್ತು.

ಲಂಗರು ಹಾಕಿ ನಿಂತಿದ್ದ ಮರಳುದೋಣಿಗೆ ನಮ್ಮ ಲಾಂಚಿನ ಪಕ್ಕ ಉಜ್ಜಿಕೊಂಡು ಹೋಯಿತು. ಬೆಂಚುಗಳು ಮಗುಚಿದವು, ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದರು. ಅಂಚಿನ ಕಂಬಿ ಹಿಡಿದು ನಿಂತಿದ್ದ ಟೇಲರಮ್ಮನ ಬಲಗೈ ಎರಡರ ನಡುವೆ ಸಿಕ್ಕಿತು. ಆ ಕೂಗು ಕೇಳಿಯೇ ನೀನು ಎದ್ದದ್ದು. ಭುಜದಿಂದ ನನ್ನನ್ನು ಪಕ್ಕಕ್ಕೆ ನೂಕಿ, ಚುಕ್ಕಾಣಿ ಹಿಡಿದು, ಗಂಟೆ ಬಾರಿಸಿ, ಹಿಂದಕ್ಕೆ ತೆಗೆದು, ಮಂಜಿನೊಳಗೆ ಲಾಂಚನ್ನು ಜೆಟ್ಟಿಗೆ ತಂದೆ. ಒಂದು ಚೂರೂ ತಾಗಿಸಲಿಲ್ಲ. ಅಷ್ಟು ಬರುತ್ತಿದ್ದವನು ಎರಡು ನಿಮಿಷ ಮೊದಲು ಯಾಕೆ ಏಳಲಿಲ್ಲ ಅನ್ನುವುದೇ ನನಗೆ ಎಷ್ಟೋ ವರ್ಷ ಅರ್ಥವಾಗಲಿಲ್ಲ.

ವಿಚಾರಣೆಯ ದಿನ ಕಂಪನಿ ಕಚೇರಿಯ ಮೊಗಸಾಲೆಯಲ್ಲಿ ಅಮ್ಮನ ಪಕ್ಕ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಕರೆದು ಕೇಳಿದರೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಯಾರೂ ಕರೆಯಲಿಲ್ಲ. ನೀನು ಹೊರಗೆ ಬಂದು, “ಮಂಜು ಅಂತ ಬರ್ಕೊಂಡ್ರು. ನಡೀರಿ” ಅಂದೆ. ಚುಕ್ಕಾಣಿ ನನ್ನ ಕೈಯಲ್ಲೇ ಇತ್ತು ಅಂತ ಒಳಗೆ ಹೇಳಿದ್ದೀಯೆಂದು ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ‘ನಾನೇ ಹಿಡಿದಿದ್ದೆ’ ಅಂತ ಹೇಳಿದ್ದೀಯ. ಆ ದಿನವಿರಲಿ, ಆಮೇಲಿರಲಿ, ನನ್ನ ಹತ್ತಿರ ಆ ವಿಷಯ ಎತ್ತಲೇ ಇಲ್ಲ. ನೀನು ನನ್ನನ್ನು ಕಾಪಾಡಿದೆಯೋ, ಇಲ್ಲ ಕುಡಿದ ಮತ್ತಿನಲ್ಲಿ ನಿನಗೆ ಏನೂ ನೆನಪೇ ಉಳಿದಿಲ್ಲವೋ? ಈ ಒಂದು ಪ್ರಶ್ನೆಯ ಜೊತೆ ನಾನು ಇಪ್ಪತ್ತೊಂಬತ್ತು ವರ್ಷ ಬದುಕಿದ್ದೇನೆ ಅಪ್ಪ.

ಹದಿನೈದು ದಿನಕ್ಕೆ ನೀನು ಮತ್ತೆ ಲಾಂಚ್ ಹತ್ತಿದೆ. ಬಾಟ್ಲಿಯೂ ಹತ್ತಿತು. ಅಮ್ಮ ನನ್ನನ್ನು ನಮ್ಮ ಮನೆಯ ದಡದಲ್ಲೇ ಇದ್ದ ಶಾಲೆಗೆ ಸೇರಿಸಿದಳು. ಉಳಿದ ಮಕ್ಕಳು ಅದೇ ಲಾಂಚಿನಲ್ಲಿ ಹೋಗುತ್ತಿದ್ದರು. ಬೆಳಗ್ಗೆ ಕಿಟಕಿಯಲ್ಲಿ ನಿಂತು ಅವರ ತಲೆ ಎಣಿಸುತ್ತಿದ್ದೆ, ಸಂಜೆ ಮತ್ತೆ ಎಣಿಸುತ್ತಿದ್ದೆ. ಮೂರು ವಾರ ಹಾಗೇ ಮಾಡಿದೆ. ಆಮೇಲೆ ಗೆರೆಹಾಳೆಯ ಮೇಲೆ, ಯಾರದೆಂದು ತಿಳಿಯದ ಹಾಗೆ ಎಡಗೈಯಲ್ಲಿ ಬರೆದೆ: ‘ಎಂಟರ ಲಾಂಚ್ ನಡೆಸುವವರು ಕುಡಿದಿರುತ್ತಾರೆ. ಉಪಕರಣದ ಪೆಟ್ಟಿಗೆ ನೋಡಿ.’ ಹೆಸರು ಹಾಕಲಿಲ್ಲ. ಕಂಪನಿಯ ಅಂಚೆಪೆಟ್ಟಿಗೆಗೆ ನಾನೇ ಹಾಕಿ ಬಂದೆ.

ಹೌದು, ಆ ಕಾಗದ ಬರೆದವಳು ನಾನು. ನಿನ್ನ ಕೆಲಸ ತೆಗೆಸಿದವಳು ನಾನು.

ನೀನು ಎಂಜಿನ್ ಮಾವನ ಮೇಲೆ ಸಂಶಯಪಟ್ಟೆ. ಪೆಟ್ಟಿಗೆಯ ವಿಷಯ ಅವನಿಗಲ್ಲದೆ ಇನ್ಯಾರಿಗೆ ಗೊತ್ತು ಅಂದೆ. ಅವನು ಎರಡು ಸಲ ನಮ್ಮ ಬಾಗಿಲಿಗೆ ಬಂದ. “ಒಂದ್ಸಲ ಕರಿಯಮ್ಮ, ಮುಖ ನೋಡಿ ಮಾತಾಡ್ತೀನಿ” ಅಂತ ನನ್ನನ್ನೇ ಕೇಳಿದ. ನೀನು ಒಳಗಿನಿಂದ “ಮಲಗಿದ್ದಾರೆ ಅನ್ನು” ಅಂದೆ. ನಾನು ಹಾಗೇ ಅಂದೆ. ಅವನು ಸುಮ್ಮನೆ ನನ್ನ ತಲೆ ಸವರಿ ಮೆಟ್ಟಿಲಿಳಿದ. ಎರಡು ವರ್ಷಕ್ಕೆ ತೀರಿಹೋದ. ಹದಿನೆಂಟು ವರ್ಷದ ಗೆಳೆತನ ನನ್ನ ಎರಡು ಸಾಲಿನಿಂದ ಹಾಳಾಯಿತು. ಕಾಗದ ಬರೆದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಈಗಾಗಿದ್ದರೂ ಬರೆಯುತ್ತಿದ್ದೆ. ಆದರೆ ಅವನು ಬಾಗಿಲಲ್ಲಿ ನಿಂತಾಗ ಬಾಯಿ ಬಿಡಲಿಲ್ಲವಲ್ಲ, ಅದಕ್ಕೆ ಇದೆ. ಅವನಿಗೆ ಹೇಳಲು ಈಗ ದಾರಿಯಿಲ್ಲ. ನಿನಗೆ ಹೇಳುತ್ತಿದ್ದೇನೆ.

ಆಮೇಲಿನ ವರ್ಷಗಳನ್ನು ಬಿಡು, ನಮ್ಮಿಬ್ಬರಿಗೂ ಗೊತ್ತು. ಬಟಾಣಿ ಹುಟ್ಟಿದಾಗ ನೀನು ಇದೇ ಆಸ್ಪತ್ರೆಗೆ ನೋಡಲು ಬಂದೆ. ನಾನು ನರ್ಸಿಗೆ ಕಣ್ಸನ್ನೆ ಮಾಡಿ ಮಗುವನ್ನು ನಿನ್ನ ಕೈಗೆ ಕೊಡಿಸಲಿಲ್ಲ. ನೀನು ಬಾಗಿಲಲ್ಲೇ ನಿಂತು ನೋಡಿ ಹೋದೆ. ಕೆಲವು ತಿಂಗಳಾದ ಮೇಲೆ ಅಮ್ಮ ಫೋನ್ ಮಾಡಿ, “ಬಿಟ್ಟಿದ್ದಾರೆ. ಮೈಯೆಲ್ಲ ನಡುಗ್ತಿದೆ, ಬೆವರ್ತಿದ್ದಾರೆ, ಒಂದ್ಸಲ ಬಾ” ಅಂದಳು. ಮೂರು ಸಲ ಕರೆದಳು. ಬೇರೆಯವರ ಕೈಕಾಲು ಸರಿಮಾಡಿ ಹೊಟ್ಟೆ ಹೊರೆಯುವವಳು ನಾನು, ಬರಲಿಲ್ಲ. ಅಪ್ಪ ನಿಜವಾಗಿ ಬಿಡುತ್ತಾನೆಯೇ ಅಂದುಕೊಂಡೆ. ಹಗ್ಗದಂಗಡಿಯ ಮೇಲಿನ ಆ ಎರಡು ಕೋಣೆಗಳಲ್ಲಿ ನೀವಿಬ್ಬರೇ ಅದನ್ನು ದಾಟಿದಿರಿ.

ಮೊನ್ನೆ ಮಂಗಳವಾರ ಕೆಲಸ ಮುಗಿಸಿ ಟೇಲರಮ್ಮನನ್ನು ಹುಡುಕಿಕೊಂಡು ಹೋದೆ. ಭಾನುವಾರದ ಮಾತು ಆಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನಿನಗೆ ಬೈದವಳು ನನ್ನ ತಪ್ಪನ್ನೂ ಎಲ್ಲಾದರೂ ಒಪ್ಪಿಕೊಳ್ಳಬೇಕಲ್ಲ. ಈಗ ಅವರಿಗೆ ಗುಂಡಿ, ದಾರ, ರಿಬ್ಬನ್ ಮಾರುವ ಪುಟ್ಟ ಅಂಗಡಿಯಿದೆ. ನಮಸ್ಕಾರ ಹೇಳುವ ಮೊದಲೇ ನನ್ನ ಕಣ್ಣು ಅವರ ಬಲ ಮಣಿಕಟ್ಟಿಗೆ ಹೋಯಿತು. ಒಳಕ್ಕೆ ಸೊಟ್ಟಗೆ ಕೂಡಿಕೊಂಡಿದೆ, ಅಂಗೈ ಪೂರ್ತಿ ಮೇಲಕ್ಕೆ ತಿರುಗುವುದಿಲ್ಲ. ಕತ್ತರಿ ಹಿಡಿಯುವ ಕೈ ಅದು. ನಾನು ಈ ಕೆಲಸವನ್ನೇ ಯಾಕೆ ಕಲಿತೆ ಅಂತ ಅಮ್ಮ ಕೇಳುತ್ತಿದ್ದಳು. ನಾನು ಏನೇನೋ ಹೇಳುತ್ತಿದ್ದೆ.

ನಿಂತುಕೊಂಡೇ ಹೇಳಿಬಿಟ್ಟೆ: ಅವತ್ತು ಚುಕ್ಕಾಣಿ ಹಿಡಿದಿದ್ದು ನಾನು.

ಅವರು ಗುಂಡಿಯ ಡಬ್ಬಿಯ ಮುಚ್ಚಳ ಹಾಕಿದರು. “ಗೊತ್ತು ಕಣಮ್ಮ. ನಾನು ಆ ಕೋಣೆ ಬಾಗಿಲ ಪಕ್ಕಾನೇ ನಿಂತಿದ್ದೆ. ಎರಡು ಜಡೆ ಕಾಣ್ತಿತ್ತು. ಅಷ್ಟೆತ್ತರದಲ್ಲಿ ಜಡೆ ಹೆಂಗೆ ಬಂತು ಅಂತ ನೋಡ್ತಿರೋವಾಗ್ಲೇ ಆಗಿದ್ದು.”

ಹಾಗಾದರೆ ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

“ನಿಮ್ಮಪ್ಪ ಅವತ್ತೇ ಸಂಜೆ ಆಸ್ಪತ್ರೆಗೆ ಬಂದಿದ್ರು. ಮಂಚದ ಹತ್ರ ಬಂದು, ‘ಅಕ್ಕಾ, ನನ್ನ ಬಗ್ಗೆ ಏನ್ ಬೇಕಾದ್ರೂ ಹೇಳಿ, ಮಗಳ ಹೆಸರು ಮಾತ್ರ ಎತ್ಬೇಡಿ’ ಅಂದ್ರು. ಅವ್ರು ಕುಡಿದಿದ್ದು ಹೇಳೋಣ ಅಂದ್ರೆ, ಮತ್ತೆ ಲಾಂಚ್ ಯಾರು ನಡೆಸ್ತಿದ್ರು ಅಂತ ಕೇಳ್ತಾರಲ್ಲ. ಅದಕ್ಕೇ ನಾನೂ ಮಂಜು ಅಂದೆ.”

“ನನಗೋಸ್ಕರ ಕೇಳಿದ್ರಾ, ಕೆಲಸ ಉಳಿಸ್ಕೊಳ್ಳೋಕೆ ಕೇಳಿದ್ರಾ?”

“ನಾನೇನು ಅವ್ರ ಹೊಟ್ಟೆಯೊಳಗೆ ಹೊಕ್ಕು ನೋಡಿದ್ನಾ? ಎರಡೂ ಇದ್ದಿರಬಹುದು.”

“ನಿಮಗೆ ಕೋಪ ಬರ್ಲಿಲ್ವಾ?”

“ಬರ್ದೇ ಇರುತ್ತಾ? ಕತ್ತರಿ ಎತ್ತಿದಾಗೆಲ್ಲ ಬರ್ತಿತ್ತು. ಆಮೇಲೆ ಕತ್ತರಿ ಎತ್ತೋದು ಬಿಟ್ಟೆ.” ಡಬ್ಬಿಯನ್ನು ಕಪಾಟಿಗಿಟ್ಟು, “ನಿನ್ನ ಮೇಲೆ ಬರ್ಲಿಲ್ಲ. ಹನ್ನೆರಡು ವರ್ಷದ ಕೂಸಿನ ಮೇಲೆ ಯಾರಿಗೆ ಕೋಪ ಬರುತ್ತೆ?” ಅಂದರು.

ನನಗೆ ಅಲ್ಲೇ, ಗಿರಾಕಿಗಳ ಎದುರಿಗೇ ಅಳು ಬಂತು. ಮುಖ ಒರೆಸಿಕೊಂಡು, ಅವರ ಕೈ ಹಿಡಿದು, ಎಷ್ಟು ತಿರುಗುತ್ತದೆ ಅಂತ ನೋಡಿದೆ. ಲೋಟ ಹಿಡಿದು ಮಾಡುವ ಒಂದು ವ್ಯಾಯಾಮ ಹೇಳಿಕೊಟ್ಟೆ. “ಈಗೇನು ಕೋಟು ಹೊಲೀಬೇಕಾ ನಾನು?” ಅಂತ ನಕ್ಕರು. ಆದರೂ ಸೋಮವಾರದಿಂದ ಇಲ್ಲಿಗೆ ಬರಲು ಒಪ್ಪಿದ್ದಾರೆ. ಪೂರ್ತಿ ಸರಿಹೋಗುವುದಿಲ್ಲ. ನೋವು ಕಡಿಮೆಯಾಗಬಹುದು.

ಅಂದರೆ ನಿನಗೆ ನೆನಪಿತ್ತು. ಮಂಗಳವಾರ ಮನೆಗೆ ಬರುವಾಗ ದಾರಿಯುದ್ದಕ್ಕೂ ಇದೇ ಯೋಚನೆ. ನೆನಪಿಲ್ಲದ ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡು ಇಷ್ಟು ವರ್ಷ ಕಳೆದಿದ್ದೆ. ನೆನಪಿದ್ದೂ ಒಬ್ಬನೇ ಹೊತ್ತುಕೊಂಡು ಓಡಾಡಿದ ಅಪ್ಪನನ್ನು ಏನು ಮಾಡಲಿ ಅಂತ ತಿಳಿಯಲಿಲ್ಲ. ಆಸ್ಪತ್ರೆಯ ಮಂಚದ ಪಕ್ಕ ನಿಂತು ನನಗಾಗಿ ಬೇಡಿಕೊಂಡ ನಿನ್ನನ್ನು ನೆನೆಸಿಕೊಂಡರೆ ಕರುಳು ಚುರುಕ್ಕೆನ್ನುತ್ತದೆ. ಆದರೆ ಅಲ್ಲಿಂದ ಮನೆಗೆ ಬಂದು, ನನ್ನ ಪಕ್ಕ ಕೂತು, ‘ತಪ್ಪು ನನ್ನದು ಚಿನ್ನ, ನಿನ್ನದಲ್ಲ’ ಅಂತ ಒಂದು ಮಾತು ಹೇಳಬಹುದಿತ್ತು. ನೀನು ಊರಿನಿಂದ ನನ್ನ ಹೆಸರು ಮುಚ್ಚಿಟ್ಟೆ, ಮುಚ್ಚಿಟ್ಟದ್ದನ್ನು ನನ್ನಿಂದಲೂ ಮುಚ್ಚಿಟ್ಟೆ. ಆ ಮಾತು ಕೇಳಿಸಿಕೊಳ್ಳುವುದಕ್ಕೆ ನಾನು ಟೇಲರಮ್ಮನ ಅಂಗಡಿಗೆ ಹೋಗಬೇಕಾಯಿತು.

ಆದ್ದರಿಂದ ನಾನೇ ಹೇಳುತ್ತೇನೆ, ನೀನು ಓದಿಕೋ. ನನ್ನ ಕೈಗೆ ಚುಕ್ಕಾಣಿ ಕೊಟ್ಟದ್ದು ತಪ್ಪು. ನಾನು ಮಗುವಾಗಿದ್ದೆ. ನಿನ್ನನ್ನು ಪೂರ್ತಿ ಕ್ಷಮಿಸಿದ್ದೇನೆ ಅಂತ ಬರೆದರೆ ಸುಳ್ಳಾಗುತ್ತದೆ. ಆದರೆ ಈ ಹತ್ತು ವರ್ಷ ನೀನು ಏನು ಮಾಡಿದ್ದೀಯೋ ಅದನ್ನು ನೋಡಿಯೂ ನೋಡದವಳ ಹಾಗೆ ಇದ್ದೆನಲ್ಲ, ಅದೂ ತಪ್ಪು. ಅದು ನನ್ನದು.

ಇವತ್ತು ಬೆಳಗ್ಗೆ ಬಟಾಣಿಯನ್ನು ಶಾಲೆಗೆ ಬಿಡುವಾಗ ಎಲ್ಲವನ್ನೂ ಹೇಳಿದೆ. ಅವಳು, “ತಾತ ಈಗ ಕುಡಿಯಲ್ಲ ಅಲ್ವಾ?” ಅಂದಳು. ಹತ್ತು ವರ್ಷವಾಯಿತು ಅಂದೆ. “ಅಂದ್ರೆ ನಾನು ತೆವಳ್ತಿದ್ದಾಗಿಂದ” ಅಂತ ಲೆಕ್ಕ ಹಾಕಿ, ದೋಣಿಯಲ್ಲಿ ತಾನು ಮುಂದೆ ಕೂರಬೇಕಾ ಹಿಂದೆ ಕೂರಬೇಕಾ ಅಂತ ಕೇಳಿದಳು. ಅವಳಿಗೆ ಅಲ್ಲಿಗೆ ಮುಗಿಯಿತು.

ಭಾನುವಾರ ಅವಳನ್ನು ಕರೆದುಕೊಂಡು ಹೋಗು. ನಾನು ದಡದಲ್ಲಿ ಅಮ್ಮನ ಜೊತೆ ಇರುತ್ತೇನೆ. ಒಂದೇ ಒಂದು ಮಾತು. ದೋಣಿಯ ಹುಟ್ಟು ನಿನ್ನ ಕೈಯಲ್ಲೇ ಇರಲಿ. ಅವಳು ಕೇಳುತ್ತಾಳೆ, ಗೋಗರೆಯುತ್ತಾಳೆ, ಮುಖ ಊದಿಸಿಕೊಳ್ಳುತ್ತಾಳೆ. ಆದರೂ ಕೊಡಬೇಡ. ಇನ್ನೂ ಕೆಲವು ವರ್ಷ ಅವಳು ಸುಮ್ಮನೆ ಕೂತು ನೀರು ನೋಡಲಿ.

ಮೂರು ಗಂಟೆಯ ರೋಗಿ ಬಾಗಿಲಿಗೆ ಬಂದಿದ್ದಾರೆ. ಕೆಮ್ಮಿನ ಔಷಧಿ ಬಿಡಬೇಡ. ಪೇಪರ್ ನೆಟ್ಟಗೆ ಹಿಡಿ.

ಇಂತಿ,
ನಿನ್ನ ಮಗಳು

ಮರೆತ ಮಾತು: ಭಾನುವಾರ ನಾನು ಬರುವುದು ಯಾವಾಗಲೂ ತಡವಾಗುತ್ತದೆಂದು ಅಮ್ಮ ಗೊಣಗುತ್ತಾಳೆ. ಬಸ್ಸು ಸಿಗಲಿಲ್ಲ, ಬಟ್ಟೆ ಒಣಗಿರಲಿಲ್ಲ ಅಂತ ಏನಾದರೂ ಹೇಳುತ್ತೇನೆ. ನಿಜ ಏನೆಂದರೆ ಅಪ್ಪ, ಆ ಬೆಳಗಿನಿಂದ ನಾನು ಲಾಂಚ್ ಹತ್ತಿಲ್ಲ. ಹತ್ತು ನಿಮಿಷದ ನದಿ ದಾಟಲು ಎರಡು ಬಸ್ಸು ಬದಲಾಯಿಸಿ, ಹೊಸ ಸೇತುವೆ ಸುತ್ತಿಕೊಂಡು ಬರುತ್ತೇನೆ. ಬಟಾಣಿಯ ಅಪ್ಪನಿಗೂ ಇದು ಗೊತ್ತಿಲ್ಲ. ಈ ಸಲ ಒಂಬತ್ತರ ಲಾಂಚಿಗೆ ಬರುತ್ತೇವೆ. ನನಗೆ ತುಂಬಾ ಭಯವಾಗುತ್ತಿದೆ. ಜೆಟ್ಟಿಯ ತುದಿಯಲ್ಲಿ, ನನಗೆ ಕಾಣುವ ಹಾಗೆ ನಿಂತಿರು.